‘ಸೀಕು’: ನಿಮ್ಮ ಕಡೆ ಇದಕ್ಕೆ ಏನಂತೀರಿ?

ಗೆಳೆಯರೇ, ನಮಸ್ಕಾರ.

ಪಾತ್ರೆಯ ತಳಕ್ಕೆ ಹಿಡಿದು ಗರಿಗರಿಯಾದ ಅನ್ನಕ್ಕೆ, ಹಿಟ್ಟಿಗೆ ನಿಮ್ಮ ಊರಿನಲ್ಲಿ ಏನು ಹೆಸರು? ‘ಅಯ್ಯೋ, ತಳ ಹತ್ತಿತು’ ಅಂತ ಪೇಚಾಡುವಾಗಿನ ಮಾತನ್ನು ಕೇಳುತ್ತಿಲ್ಲ. ಅದನ್ನೇ ಎಬ್ಬಿಸಿಕೊಂಡು ಆಸೆಯಿಂದ ತಿನ್ನುವಾಗ ಬಾಯಿಗೆ ಬರುವ ಹೆಸರು ನನಗೆ ಬೇಕು.

ಹೋದ ಭಾನುವಾರ ಅವ್ವ, ನಾನು, ನನ್ನ ಹೆಂಡತಿ ಮೈಸೂರಿನಲ್ಲಿ ಇರಾನಿ ಅಡುಗೆ ಮಾಡುವ ಒಂದು ಪುಟ್ಟ ಹೋಟೆಲಿಗೆ ಹೋಗಿದ್ದೆವು. ಮೂವರಿಗೂ ಅದು ಮೊದಲ ಸಲ. ಇರಾನಿ ಅಂದರೆ ಚಹಾ, ಬನ್ನು ಅಷ್ಟೇ ನಮಗೆ ಗೊತ್ತಿದ್ದದ್ದು. ಮೊದಲು ‘ಬಾಘಾಲಿ ಪೊಲೊ’ ಬಂತು: ಉದ್ದಕ್ಕಿ ಅನ್ನ, ಹಸಿರು ಸೊಪ್ಪು, ಸಿಪ್ಪೆ ಸುಲಿದ ದಪ್ಪ ಕಾಳು. ಅವ್ವ ತಟ್ಟೆಯನ್ನು ಮೂಗಿನ ಹತ್ತಿರ ತಂದುಕೊಂಡು, ‘ಸಬ್ಬಸಿಗೆ ಕಣ್ಲಾ ಇದು! ಕಾಳು ಅವರೆ ತರ ಅದೆ, ಸೊಗಡೊಂದಿಲ್ಲ’ ಅಂದರು. ಪೂರ್ತಿ ಸರಿ. ಪರ್ಶಿಯನ್ನಿನಲ್ಲಿ ಸಬ್ಬಸಿಗೆಗೆ ‘ಶೆವೀದ್’ ಅನ್ನುತ್ತಾರೆ. ಸಬ್ಬಸಿಗೆಗೂ ಕಾಳಿಗೂ ಜೋಡಿ ಕಟ್ಟಬೇಕು ಅಂತ ಅಷ್ಟು ದೂರದ ಇನ್ನೊಂದು ಅಡುಗೆಮನೆಗೂ ಹೊಳೆದಿದೆಯಲ್ಲ ಅನ್ನುವುದೇ ನನಗೆ ಆವತ್ತಿನ ದೊಡ್ಡ ಖುಷಿ.

ಆಮೇಲೆ ಬೇರೆ ತಟ್ಟೆಯಲ್ಲಿ ಅಂಗೈಯಗಲದ ಒಂದು ಹೊಂಬಣ್ಣದ ಚಕ್ಕೆ ತಂದಿಟ್ಟರು. ಒಂದು ಮುಖ ನುಣುಪಾಗಿ ಕೇಸರಿ ಬಣ್ಣಕ್ಕೆ ತಿರುಗಿತ್ತು, ಇನ್ನೊಂದು ಮುಖದಲ್ಲಿ ಬೆಳ್ಳಗಿನ ಅಗುಳು ಅಂಟಿಕೊಂಡಿದ್ದವು. ನನ್ನ ಹೆಂಡತಿ ಮೈಸೂರಿನಲ್ಲೇ ಹುಟ್ಟಿ ಬೆಳೆದವಳು. ‘ಅತ್ತೆ, ತಳ ಹಿಡಿದದ್ದನ್ನ ಯಾಕೆ ಬಡಿಸಿದ್ರು?’ ಅಂದಳು. ಅವ್ವ ಅಷ್ಟರಲ್ಲಿ ಕಟಕ್ಕನೆ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಾಗಿತ್ತು. ‘ಸೀಕು ಕಣವ್ವ ಇದು. ತಿನ್ನು’ ಅಂದರು.

ಅವ್ವನ ತವರು ಮದ್ದೂರು ಕಡೆ. ಅಲ್ಲಿ ಅಜ್ಜಿ ಮುದ್ದೆ ಕಟ್ಟಿ ಮುಗಿಸಿದ ಮೇಲೆ ಹಿಟ್ಟಿನ ಪಾತ್ರೆಯನ್ನು ತೊಳೆಯಲು ಹಾಕುತ್ತಿರಲಿಲ್ಲ, ಕೆಂಡದ ಮೇಲೆ ಹಾಗೇ ಬಿಡುತ್ತಿದ್ದರು. ಒಳಗೋಡೆಗೆ ಅಂಟಿದ ತೆಳು ಹಿಟ್ಟು ಸ್ವಲ್ಪ ಹೊತ್ತಿಗೆ ಅಂಚಿನಿಂದ ಸುರುಳಿ ಬಿಟ್ಟು ಹಪ್ಪಳದ ಹಾಗೆ ಏಳುತ್ತಿತ್ತು. ‘ಬಾ ಮಗ, ಸೀಕು ಎತ್ಕೊಡ್ತೀನಿ’ ಅಂತ ಕರೆದು ಬೆಲ್ಲದ ಚೂರಿನ ಜೊತೆ ಕೊಡುತ್ತಿದ್ದರು. ನಾವು ಮೊಮ್ಮಕ್ಕಳು ಅದಕ್ಕಾಗಿ ಕಿತ್ತಾಡಿದ್ದೇವೆ. ಮೈಸೂರಿಗೆ ಬಂದು ಕುಕ್ಕರ್ ಹಿಡಿದ ಮೇಲೆ ತಿನಿಸೂ ಹೋಯಿತು, ಅದರ ಜೊತೆ ಹೆಸರೂ ಹೋಯಿತು.

ಹೋಟೆಲಿನವರ ಮೆನು ಕಾರ್ಡಿನಲ್ಲಿ ಕನ್ನಡವೂ ಇತ್ತು, ಅದಕ್ಕೆ ಅವರನ್ನು ಮೆಚ್ಚಬೇಕು. ಆದರೆ ಈ ತಿನಿಸಿನ ಪಕ್ಕ ‘ತಳ ಸುಟ್ಟ ಅನ್ನ’ ಅಂತ ಬರೆದಿದ್ದರು. ಅದನ್ನು ಓದಿದವರು ಯಾರೂ ತರಿಸಿಕೊಳ್ಳುವುದಿಲ್ಲ. ಮೂಲದ ಹೆಸರು ‘ತಹ್‌ದೀಗ್’. ತಹ್ ಅಂದರೆ ತಳ, ದೀಗ್ ಅಂದರೆ ಪಾತ್ರೆ. ಬಿರಿಯಾನಿ ಮಾಡುವವರ ‘ದೇಗ್’ ಇದೇ ಪದ. ಸುಟ್ಟದ್ದು ಅನ್ನುವ ಅರ್ಥ ಆ ಹೆಸರಿನಲ್ಲಿ ಎಲ್ಲೂ ಇಲ್ಲ. ಸುಟ್ಟುಹೋದದ್ದಕ್ಕೆ ಅವರಲ್ಲಿ ‘ಸೂಖ್ತೆ’ ಅನ್ನುವ ಬೇರೆ ಮಾತೇ ಇದೆ. ತಹ್‌ದೀಗ್ ಅಲ್ಲಿ ಮನೆಗೆ ಬಂದವರಿಗೆ ಮೊದಲು ಬಡಿಸುವ ಪಾಲು, ಅಡುಗೆ ಮಾಡಿದವರ ಕೈಗುಣ ತೋರಿಸುವ ಪಾಲು. ಕೆಲವರು ಅನ್ನದ ಬದಲು ತಳಕ್ಕೆ ಆಲೂಗೆಡ್ಡೆಯ ಬಿಲ್ಲೆಯನ್ನೋ ತೆಳು ರೊಟ್ಟಿಯನ್ನೋ ಹಾಸುತ್ತಾರೆ.

ಮಾಡುವ ಕ್ರಮದಲ್ಲೂ ನಮಗೆ ಗೊತ್ತಿರುವ ಮಾತುಗಳೇ ಸಿಗುತ್ತವೆ. ನೆನೆಸಿದ ಅಕ್ಕಿಯನ್ನು ಉಪ್ಪುನೀರಿನಲ್ಲಿ ಮುಕ್ಕಾಲು ಬೇಯಿಸಿ ಬಸಿಯುತ್ತಾರೆ, ನಾವು ಬಸ್ಸಾರಿಗೆ ಬಸಿಯುವ ಹಾಗೆ. ತಳಕ್ಕೆ ಬೆಣ್ಣೆ ಅಥವಾ ಎಣ್ಣೆ ಹಾಕಿ, ಅದರ ಮೇಲೆ ಕೇಸರಿ ಕಲಸಿದ ಒಂದು ಪದರ ಅನ್ನ ಹರಡಿ, ಉಳಿದದ್ದನ್ನು ಗುಡ್ಡೆ ಹಾಕಿ, ಮುಚ್ಚಳಕ್ಕೆ ಬಟ್ಟೆ ಸುತ್ತಿ ಸಣ್ಣ ಉರಿಯಲ್ಲಿ ಬಿಡುತ್ತಾರೆ. ಮೇಲೇರಿದ ಹಬೆಯನ್ನು ಬಟ್ಟೆ ಹೀರಿಕೊಳ್ಳುವುದರಿಂದ ಅನ್ನ ಉದುರುದುರಾಗಿ ಉಳಿಯುತ್ತದೆ. ಹೀಗೆ ಹಬೆಗೆ ಬಿಡುವುದಕ್ಕೆ ‘ದಮ್’ ಅನ್ನುತ್ತಾರೆ. ದಮ್ ಬಿರಿಯಾನಿಯ ದಮ್, ‘ದಮ್ಮಿದ್ರೆ ಬಾ’ ಅನ್ನುವಾಗಿನ ದಮ್ಮು, ಉಬ್ಬಸದ ದಮ್ಮು, ಎಲ್ಲವೂ ಉಸಿರು ಅನ್ನುವ ಅರ್ಥದ ಆ ಒಂದೇ ಪರ್ಶಿಯನ್ ಪದ. ಶಿರಸ್ತೇದಾರ, ಜಮೀನು, ದರ್ಜಿ, ಬಜಾರುಗಳು ಬಂದ ದಾರಿಯಲ್ಲೇ ಇದೂ ಬಂದಿದೆ. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ಪರ್ಶಿಯನ್ ಆಡಳಿತದ ಭಾಷೆಯಾಗಿತ್ತು. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಅವರ ಅಜ್ಜ ಶಿರಾಜಿನಿಂದ ಬಂದು ನೆಲೆಸಿದವರು. ನಂಟು ಹಳೆಯದು.

ಇನ್ನು ‘ಸೀಕು’. ಇದು ‘ಸೀ’ ಧಾತುವಿನಿಂದ ಬಂದದ್ದು ಅಂತ ನನ್ನ ಎಣಿಕೆ: ಸೀದು ಹೋಯಿತು, ಸೀದ ವಾಸನೆ. ‘ಸೀಕಲು’ ಅನ್ನುವವರೂ ಇದ್ದಾರೆ. ‘ಕರಿ’ಗೆ ‘ಕರಕಲು’ ಇರುವಂತೆ ‘ಸೀ’ಗೆ ‘ಸೀಕಲು’. ಆದರೆ ಬಳಕೆಯಲ್ಲಿ ಸೀದದ್ದನ್ನೂ ಸೀಕನ್ನೂ ಒಂದೇ ತಕ್ಕಡಿಗೆ ಹಾಕುವಂತಿಲ್ಲ. ‘ಅನ್ನ ಸೀದಿದೆ’ ಅಂದರೆ ತಪ್ಪಾಗಿದೆ ಅಂತ ಅರ್ಥ. ‘ಸೀಕು ಕೊಡು’ ಅಂದರೆ ಆಸೆ. ಕಪ್ಪಾಗಿ ಕಹಿಯಾದದ್ದಕ್ಕೆ ಅಜ್ಜಿ ಎಂದೂ ಸೀಕು ಅಂದವರಲ್ಲ, ‘ಕರಕಲಾಗೋಯ್ತು’ ಅನ್ನುತ್ತಿದ್ದರು. ಸೀಯಾಳ, ‘ಸೀ ಊಟ’ಗಳ ಸೀ ಬೇರೆ, ಅದು ಸಿಹಿ. ಬೆಲ್ಲದ ಜೊತೆ ತಿನ್ನುತ್ತಿದ್ದರಿಂದ ಚಿಕ್ಕವನಿದ್ದಾಗ ಸೀಕು ಅಂದರೆ ಸಿಹಿಯಾದದ್ದು ಅಂತಲೇ ನಾನು ತಿಳಿದಿದ್ದೆ.

ಹೊರಡುವಾಗ ಹೋಟೆಲಿನವರಿಗೆ ಈ ವಿಷಯ ಹೇಳಿದೆ. ‘ಒಳ್ಳೆ ಪದ ಇದ್ರೆ ಕೊಡಿ ಸರ್, ಮುಂದಿನ ತಿಂಗಳು ಕಾರ್ಡ್ ಹೊಸದಾಗಿ ಮಾಡಿಸ್ತಿದ್ದೀವಿ’ ಅಂದರು. ‘ತಹ್‌ದೀಗ್’ ಅನ್ನುವ ಹೆಸರನ್ನು ಹಾಗೇ ಇಟ್ಟು, ಕೆಳಗೆ ‘ಕೇಸರಿ ಹಾಕಿದ ಅನ್ನದ ಸೀಕು’ ಅಂತ ಬರೆಯಲು ಹೇಳಬೇಕು ಅಂತಿದ್ದೇನೆ. ಆದರೆ ನಮ್ಮ ಮನೆಯಲ್ಲಿ ಸೀಕು ಅನ್ನುತ್ತಿದ್ದದ್ದು ಹೆಚ್ಚಾಗಿ ರಾಗಿ ಹಿಟ್ಟಿನದಕ್ಕೆ. ನಿಮ್ಮಲ್ಲಿ ಅನ್ನದ್ದಕ್ಕೂ ಇದೇ ಪದ ನಡೆಯುತ್ತದೆಯೇ? ಜೋಳದ ನುಚ್ಚು ಮಾಡುವ ಕಡೆಯವರು, ಕುಚ್ಚಲಕ್ಕಿಯ ಗಂಜಿ ಬಸಿಯುವ ಕಡೆಯವರು ಏನನ್ನುತ್ತೀರಿ? ಹೆಸರಿನ ಜೊತೆಗೆ ಅದನ್ನು ಯಾವುದರ ಜೊತೆ ತಿನ್ನುತ್ತಿದ್ದಿರಿ ಅನ್ನುವುದನ್ನೂ ಬರೆಯಿರಿ. ಅದನ್ನು ಕೇಳು ಅಂದವರು ಅವ್ವ.