ಜಗಳದಲ್ಲಿ ಕೂಗುವುದು ನಮ್ಮ ಒಂದು ಭಾಗ ಮಾತ್ರ

ಪ್ರಶ್ನೆ (ಕಲಬುರಗಿಯಿಂದ, ಹೆಸರು ಬೇಡ): ಮೇಡಂ, ನಮ್ಮವರು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತಾರೆ. ತೊಗರಿ ರಾಶಿ ಮುಗಿದು ಮಾಲು ಬರತೊಡಗಿದರೆ ಮನೆ ಸೇರುವುದು ರಾತ್ರಿ ಹತ್ತಕ್ಕೆ. ತಡ ಯಾಕೆ ಅಂದರೆ ಮಾತಿಲ್ಲ, ಮೊಬೈಲ್ ಹಿಡಿದು ಮಾಳಿಗೆ ಹತ್ತುತ್ತಾರೆ. ನಾನು ಕೂಗುತ್ತೇನೆ. ಆಮೇಲೆ 'ನಾನೇ ಕೆಟ್ಟವಳು' ಅಂತ ಅಳುತ್ತೇನೆ. ಒಳಗಿನ ಭಾಗಗಳ ಜೊತೆ ಮಾತಾಡುವ ಚಿಕಿತ್ಸೆ ಇದೆಯಂತಲ್ಲ, ಅದರಿಂದ ನಮಗೆ ಉಪಯೋಗ ಆಗುತ್ತಾ?

ಉತ್ತರ (ಆಪ್ತಸಮಾಲೋಚಕಿ): ಆಗಬಹುದು ಅಕ್ಕಾ. ಅದರ ಹೆಸರು ಇಂಟರ್ನಲ್ ಫ್ಯಾಮಿಲಿ ಸಿಸ್ಟಮ್ಸ್. 1980ರ ದಶಕದಲ್ಲಿ ಅಮೆರಿಕದ ರಿಚರ್ಡ್ ಶ್ವಾರ್ಟ್ಸ್ ರೂಪಿಸಿದ್ದು. ನಮ್ಮೊಳಗೆ ಹಲವು ಭಾಗಗಳಿವೆ, ಯಾವುದೂ ಕೆಟ್ಟದ್ದಲ್ಲ ಅನ್ನುವುದೇ ಇದರ ಬುನಾದಿ. ಕೂಗುವ ಭಾಗ ಕಾವಲಿಗೆ ನಿಂತಿದೆ. ಅದರ ಹಿಂದೆ 'ನಾನು ಯಾರಿಗೂ ಲೆಕ್ಕಕ್ಕಿಲ್ಲ' ಎಂದು ಹೆದರಿದ ಇನ್ನೊಂದು ಭಾಗ ಇರಬಹುದು. ಅವರು ಮಾಳಿಗೆ ಹತ್ತುವುದೂ ಒಂದು ಕಾವಲೇ ಇರಬಹುದು. ನೀವು ಜೋರಾದಷ್ಟೂ ಅವರು ದೂರ, ಅವರು ದೂರವಾದಷ್ಟೂ ನೀವು ಜೋರು.

ಸಿಟ್ಟು ಬಂದಾಗ ಮೊದಲು ನಿಮ್ಮೊಳಗೆ ನೋಡಿ. ಎದೆ ಬಿಗಿಯಿತಾ? ಗಂಟಲು ಕಟ್ಟಿತಾ? 'ನಿನಗೆ ಯಾವುದರ ಹೆದರಿಕೆ?' ಎಂದು ಆ ಭಾಗವನ್ನೇ ಕೇಳಿ. ಉತ್ತರಕ್ಕೆ ಅವಸರ ಮಾಡಬೇಡಿ. ಆಮೇಲೆ ಅದರ ಪರವಾಗಿ ನೀವು ಮಾತಾಡಿ. 'ನಿಮಗ ಮನಿನೇ ಬ್ಯಾಡಾಗೇದ' ಅನ್ನುವ ಬದಲು 'ನೀವು ತಡಾ ಮಾಡಿದ್ರ ನನ್ನೊಳಗ ಹೆದರಿಕಿ ಆಗ್ತದ ರೀ' ಅನ್ನಿ. ಅದೂ ಬಾಗಿಲಲ್ಲಿ ನಿಂತಲ್ಲ. ಕೈಕಾಲು ತೊಳೆದು, ರೊಟ್ಟಿ ಊಟ ಆಗಲಿ.

ಪ್ರಶ್ನೆ: ನನ್ನ ಮೇಲೆ ನಾನೇ ಕರುಣೆ ತೋರಿಸಿದರೆ ತಪ್ಪು ಮುಚ್ಚಿಕೊಂಡ ಹಾಗಲ್ವಾ?

ಉತ್ತರ: ಅಲ್ಲ. ಮನೋವಿಜ್ಞಾನಿ ಕ್ರಿಸ್ಟಿನ್ ನೆಫ್ 2003ರಲ್ಲೇ ಇದನ್ನು ಬಿಡಿಸಿ ಬರೆದಿದ್ದಾರೆ: ತನ್ನ ಜೊತೆ ಮೆತ್ತಗಿರುವುದು, ಎಡವುವುದು ಎಲ್ಲರಿಗೂ ಇದ್ದದ್ದೇ ಎಂದು ತಿಳಿಯುವುದು, ನೋವನ್ನು ಹಿಗ್ಗಿಸದೆ, ಮುಚ್ಚಿಡದೆ ನೋಡುವುದು. 'ನಾನೇ ಕೆಟ್ಟವಳು' ಅಂದುಕೊಂಡವರಿಗೆ ಕ್ಷಮೆ ಕೇಳಲು ಬಾಯೇ ಬರುವುದಿಲ್ಲ, ನಾಚಿಕೆಯೇ ಜಾಸ್ತಿ. 'ಕೂಗಿದ್ದು ತಪ್ಪು, ದಣಿದಿದ್ದೆ' ಅಂದುಕೊಂಡರೆ ಬೆಳಿಗ್ಗೆ ತಾನಾಗಿ ಮಾತಾಡಿಸಲು ಆಗುತ್ತದೆ.

ಹೊಡೆತ, ಬೆದರಿಕೆ ಇದ್ದರೆ ಮಾತ್ರ ಇದನ್ನು ಪ್ರಯತ್ನಿಸುತ್ತಾ ಕೂರಬೇಡಿ, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ನಿದ್ದೆ, ಊಟ ಕೆಟ್ಟಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮವರು ಒಪ್ಪಿದರೆ ಇಬ್ಬರೂ ಬನ್ನಿ. ಒಪ್ಪದಿದ್ದರೆ ನೀವೊಬ್ಬರೇ ಬಂದರೂ ಕೆಲಸ ಶುರು ಮಾಡಬಹುದು.