ಸಾಯುವ ಕೋಶ, ಹೊಳೆಯುವ ಚಿನ್ನ: ಇವತ್ತಿನ ಪ್ರಶ್ನೋತ್ತರ

ಲ್ಯಾಬ್ ಮೇಡಂ: ಸಾಯುತ್ತಿರುವ ಜೀವಕೋಶದಲ್ಲಿ ಕ್ಯಾಸ್ಪೇಸ್ ಕಿಣ್ವವನ್ನು ನ್ಯಾನೋ ಕಣಗಳಿಂದ ಪತ್ತೆ ಮಾಡುವುದು ನನ್ನ ಕೆಲಸ. ರಾತ್ರಿ ಒಂಬತ್ತರ ತನಕ ಇರುತ್ತೇನೆ, ಕೇಳಿ.

ಕಾಫಿಪುಡಿ: ಕ್ಯಾಸ್ಪೇಸ್ ಅಂದರೆ ಏನು ಮೇಡಂ?

ಲ್ಯಾಬ್ ಮೇಡಂ: ಕೋಶ ತಾನಾಗಿ ಸಾಯಲು ಹೊರಟಾಗ ಒಳಗಿನ ಪ್ರೋಟೀನುಗಳನ್ನು ಕತ್ತರಿಸುವ ಕತ್ತರಿ. ಕ್ಯಾಸ್ಪೇಸ್-3 'ಡಿಇವಿಡಿ' ಅನ್ನುವ ನಾಲ್ಕು ಅಮೈನೋ ಆಮ್ಲಗಳ ಸಾಲು ಹುಡುಕಿ ಕತ್ತರಿಸುತ್ತದೆ. ಆ ಸಾಲಿರುವ ಪೆಪ್ಟೈಡ್‌ನ, ಅಂದರೆ ಅಮೈನೋ ಆಮ್ಲಗಳ ಚಿಕ್ಕ ಸರದ, ಒಂದು ತುದಿಯನ್ನು ಚಿನ್ನದ ಕಣಕ್ಕೆ ಅಂಟಿಸುತ್ತೇವೆ, ಇನ್ನೊಂದು ತುದಿಗೆ ಹೊಳೆಯುವ ಬಣ್ಣ. ಚಿನ್ನದ ಪಕ್ಕದಲ್ಲಿದ್ದರೆ ಬಣ್ಣ ಮಂಕು. ಕತ್ತರಿ ಬಿದ್ದರೆ ಬೆಳಕು.

ಪಿಎಚ್‌ಡಿ ಪುಟ್ಟ: ಮೇಡಂ, ಹೀಲಾ ಅನ್ನುವ ಲ್ಯಾಬಿನ ಕ್ಯಾನ್ಸರ್ ಕೋಶಕ್ಕೆ ಸ್ಟಾರೋಸ್ಪೋರಿನ್ ಅನ್ನುವ ಮದ್ದು ಹಾಕಿ ಸಾಯಿಸಿದರೂ ಬೆಳಕು, ಏನೂ ಹಾಕದ ಕಂಟ್ರೋಲ್‌ನಲ್ಲೂ ಬೆಳಕು. ಮೂರು ತಿಂಗಳಾಯ್ತು. ಗೈಡ್ ಬೈಯುತ್ತಿದ್ದಾರೆ.

ಲ್ಯಾಬ್ ಮೇಡಂ: ಬಫರ್‌ನಲ್ಲಿ, ಅಂದರೆ ಪರೀಕ್ಷೆಯ ದ್ರಾವಣದಲ್ಲಿ, ಏನಿದೆ?

ಪಿಎಚ್‌ಡಿ ಪುಟ್ಟ: ಕಿಟ್ ಜೊತೆ ಬಂದದ್ದು. ಡಿಟಿಟಿ ಅನ್ನುವ ರಾಸಾಯನಿಕ 10 ಮಿಲಿಮೋಲಾರ್. ಕೆಂಪಗಿದ್ದ ಚಿನ್ನದ ಕಣ ನೇರಳೆ ಆಗುತ್ತಿದೆ.

ಲ್ಯಾಬ್ ಮೇಡಂ: ಅಯ್ಯೋ, ಅದೇ ಕಳ್ಳ! ಕ್ಯಾಸ್ಪೇಸ್ ಕೆಲಸ ಮಾಡಲು ಡಿಟಿಟಿ ಬೇಕು, ಅದಕ್ಕೇ ಕಿಟ್‌ನವರು ಹಾಕುತ್ತಾರೆ. ಆದರೆ ನಿನ್ನ ಪೆಪ್ಟೈಡ್ ಚಿನ್ನಕ್ಕೆ ಅಂಟಿರುವುದು ಗಂಧಕದ ಹಿಡಿತದಿಂದ. ಡಿಟಿಟಿಯಲ್ಲೂ ಗಂಧಕ ಇದೆ. ಅದು ಪೆಪ್ಟೈಡನ್ನು ತಳ್ಳಿ ತಾನು ಕೂರುತ್ತದೆ. ಕತ್ತರಿಯೇ ಇಲ್ಲದೆ ಬಣ್ಣ ಚಿನ್ನದಿಂದ ಬಿಟ್ಟುಹೋಗಿ ಬೆಳಗುತ್ತದೆ. ಕಣಗಳು ಒಂದಕ್ಕೊಂದು ಅಂಟಿಕೊಂಡರೆ ನೇರಳೆ. ಕೋಶದೊಳಗೇ ಇರುವ ಗಂಧಕದ ಅಣು ಗ್ಲುಟಾಥಯೋನ್ ಕೂಡ ಇದೇ ಕಿತಾಪತಿ ಮಾಡುತ್ತದೆ, 1ರಿಂದ 10 ಮಿಲಿಮೋಲಾರ್ ಇರುತ್ತದೆ. ಮೊದಲು ಕೋಶವಿಲ್ಲದ ಬರೀ ಬಫರ್ ಹಾಕಿ ನೋಡು. ಆಮೇಲೆ ಝಡ್‌-ವಿಎಡಿ ಹಾಕಿ ಕಿಣ್ವ ತಡೆ. ಆಗಲೂ ಬೆಳಕು ಬಂದರೆ ಅದು ಕ್ಯಾಸ್ಪೇಸ್ ಅಲ್ಲ. ಡಿಟಿಟಿ ಬದಲು ಅದೇ ಕೆಲಸದ, ಗಂಧಕವಿಲ್ಲದ ಟಿಸಿಇಪಿ ಪ್ರಯತ್ನಿಸು, ಅದನ್ನೂ ಬರೀ ಬಫರ್‌ನಲ್ಲೇ ಮೊದಲು. ಹಾಂ, ಕ್ಯಾಸ್ಪೇಸ್-7 ಕೂಡ ಇದೇ ಸಾಲು ಕತ್ತರಿಸುತ್ತದೆ. ಥೀಸಿಸ್‌ನಲ್ಲಿ '3/7' ಅಂತ ಬರಿ.

ಮಂಡ್ಯ ಮಾವ: ಫಾರ್ವರ್ಡ್ ಬಂದಿದೆ: ಲಕ್ಷ್ಮಣಫಲದ ಎಲೆ ಕಷಾಯ ಕೀಮೋಗಿಂತ 10,000 ಪಟ್ಟು ಶಕ್ತಿಶಾಲಿ, ಕ್ಯಾನ್ಸರ್ ಕೋಶ ತಾನೇ ಸಾಯುತ್ತದಂತೆ.

ಲ್ಯಾಬ್ ಮೇಡಂ: ತಟ್ಟೆಯಲ್ಲಿ ಬೆಳೆಸಿದ ಕೋಶ ಬ್ಲೀಚ್ ಹಾಕಿದರೂ ಸಾಯುತ್ತದೆ, ಕುಡಿಯುತ್ತೀರಾ? ಆ ಗಿಡದ ಅನೋನಾಸಿನ್ ನರಕೋಶಕ್ಕೂ ವಿಷ. ಚಿಕಿತ್ಸೆ ನಡೆಯುತ್ತಿದ್ದವರು ದಯವಿಟ್ಟು ನಿಲ್ಲಿಸಬೇಡಿ.

ಕಾಫಿಪುಡಿ: ಮೇಡಂ, ಕ್ಯಾಸ್ಪೇಸ್ ಅಂದರೆ ಕ್ಯಾನ್ಸರ್ ಟೆಸ್ಟಾ?

ಲ್ಯಾಬ್ ಮೇಡಂ: ಅಲ್ಲ.

ನಾಟಿ ವೈದ್ಯ ಅಭಿಮಾನಿ: ಸ್ವರ್ಣಭಸ್ಮವೂ ನ್ಯಾನೋ ಚಿನ್ನವೇ ಅಲ್ವಾ? ನಮ್ಮ ಹಿರಿಯರಿಗೆ ಮೊದಲೇ ಗೊತ್ತಿತ್ತು.

ಸಂಶಯ ಸೋಮ: ಹಿರಿಯರು ಪೆಪ್ಟೈಡೂ ಅಂಟಿಸುತ್ತಿದ್ದರಾ ಸ್ವಾಮಿ?

ನಾಟಿ ವೈದ್ಯ ಅಭಿಮಾನಿ: ನಿಮಗೆ ಮಾತಾಡಲು ಯೋಗ್ಯತೆ ಬೇಕು.

ಸಂಶಯ ಸೋಮ: ನಿಮ್ಮದು ವಾಟ್ಸಾಪ್ ಯೋಗ್ಯತೆ.

ಲ್ಯಾಬ್ ಮೇಡಂ: ಇಬ್ಬರೂ ಸಾಕು. ಕಣ ಸಣ್ಣದಿದ್ದ ಮಾತ್ರಕ್ಕೆ ಸೆನ್ಸರ್ ಆಗಲ್ಲ, ಔಷಧಿಯೂ ಆಗಲ್ಲ.

ಮಲ್ನಾಡ್ ಹುಡುಗಿ: ಚಿನ್ನದ ಬದಲು ಕ್ವಾಂಟಮ್ ಡಾಟ್ ಅನ್ನುವ ಹೊಳೆಯುವ ನ್ಯಾನೋ ಕಣ ಬಳಸಿದರೆ ಅದರಲ್ಲಿರುವ ಕ್ಯಾಡ್ಮಿಯಮ್ಮೇ ಕೋಶ ಸಾಯಿಸಲ್ವಾ ಮೇಡಂ?

ಮಂಡ್ಯ ಮಾವ: ಕಷಾಯ ಎಷ್ಟು ಲೋಟ ಅಂತ ಹೇಳಲಿಲ್ಲ.

ಲ್ಯಾಬ್ ಮೇಡಂ: ಮೇಲೆ ಓದಿ!

ಪಿಎಚ್‌ಡಿ ಪುಟ್ಟ: ಮೇಡಂ, ಬರೀ ಬಫರ್ ಈಗ ಹಾಕಿ ನೋಡಿದೆ. ಕೋಶವೇ ಇಲ್ಲದ ತಟ್ಟೆಯ ಗುಳಿಯಲ್ಲೂ ಬೆಳಕು.

ಲ್ಯಾಬ್ ಮೇಡಂ: ಮೂರು ತಿಂಗಳು ಡಿಟಿಟಿ ಅಳೆದಿದ್ದೀಯ ಕಣೋ. ನಾಳೆ ಬೆಳಿಗ್ಗೆ ಟಿಸಿಇಪಿ ಹಾಕು. ಗೈಡ್‌ಗೆ ಇವತ್ತೇ ಫೋನ್ ಮಾಡಬೇಡ.