ಹ್ಯಾಂಡಲ್ ಹೊರಳದ ಹಾಗೆ ಹಿಡಿಯುವ ಕೋಲಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲ್ ಮಕ್ಕಳಿಗಾಗಿ ಸೈಕಲ್ ರಿಪೇರಿ ಬಗ್ಗೆ ಒಂದು ಕಿರುಪುಸ್ತಕ ಬರೆಯುತ್ತಿದ್ದೇನೆ. ಪಂಕ್ಚರ್ ಹಾಕುವುದು, ಚೈನು ಬಿಗಿ ಮಾಡುವುದು, ರಿಮ್ಮಿನ ಬೆಂಡ್ ತೆಗೆಯುವುದು, ಇವಕ್ಕೆಲ್ಲ ಅಂಗಡಿಯವರ ಮಾತೇ ಸಾಕಾಯಿತು. ಒಂದು ಸಾಮಾನಿಗೆ ಮಾತ್ರ ಹೆಸರು ಸಿಗುತ್ತಿಲ್ಲ.

ರಿಪೇರಿ ಸ್ಟ್ಯಾಂಡ್ ಗೊತ್ತಲ್ಲ, ಸೀಟಿನ ಕೆಳಗಿನ ಪೈಪನ್ನು ಕಚ್ಚಿ ಹಿಡಿದು ಸೈಕಲ್ಲನ್ನು ಎತ್ತಿ ನಿಲ್ಲಿಸುವ ಕಂಬ. (ಸೈಡ್ ಸ್ಟ್ಯಾಂಡ್, ಡಬಲ್ ಸ್ಟ್ಯಾಂಡ್ ಬೇರೆ.) ಎರಡೂ ಚಕ್ರ ನೆಲ ಬಿಟ್ಟಿರುತ್ತವೆ. ಹಾಗೆ ಎತ್ತಿದ ಕೂಡಲೇ ಮುಂದಿನ ಚಕ್ರ ಒಂದು ಪಕ್ಕಕ್ಕೆ ಹೊರಳುತ್ತದೆ, ಜೊತೆಗೆ ಹ್ಯಾಂಡಲ್ಲೂ. ಹಿಂದೆ ಗೇರ್ ಸರಿ ಮಾಡಲು ಪೆಡಲ್ ತಿರುಗಿಸುತ್ತಿದ್ದರೆ ಮುಂದೆ ಹ್ಯಾಂಡಲ್ ಆ ಕಡೆ ಈ ಕಡೆ ಬಡಿದಾಡುತ್ತದೆ. ಬ್ರೇಕ್ ಲಿವರ್ ಫ್ರೇಮಿಗೆ ತಾಗಿ ಪೇಂಟ್ ಹೋಗುತ್ತದೆ. ಇದನ್ನು ತಡೆಯಲು ಹ್ಯಾಂಡಲ್ಲಿನಿಂದ ಸೀಟಿನ ಪೈಪಿನವರೆಗೆ ಒಂದು ಕೋಲು ಹಾಕುತ್ತಾರೆ. ಎರಡು ತುದಿಯಲ್ಲೂ ಕೊಕ್ಕೆಯೋ ಪಟ್ಟಿಯೋ ಇರುತ್ತದೆ, ಉದ್ದ ಹೆಚ್ಚು ಕಮ್ಮಿ ಮಾಡಬಹುದು. ಮಾರುವವರು ಹ್ಯಾಂಡಲ್‌ಬಾರ್ ಹೋಲ್ಡರ್ ಅನ್ನುತ್ತಾರೆ. ನನಗೆ ಬೇಕಾಗಿರುವುದು ಈ ಕೋಲಿನ ಹೆಸರು.

ನಮ್ಮ ಅಂಗಡಿಗಳಲ್ಲಿ ಇದಕ್ಕೆ ಹೆಸರಿಲ್ಲದಿರುವುದು ಸಹಜವೇ. ಸೈಕಲ್ಲನ್ನು ತಲೆಕೆಳಗು ಮಾಡಿ ಸೀಟು, ಹ್ಯಾಂಡಲ್ಲಿನ ಮೇಲೆ ನಿಲ್ಲಿಸಿದರೆ ಆಯಿತು. ಹ್ಯಾಂಡಲ್ಲೇ ನೆಲಕ್ಕೆ ಊರಿರುತ್ತದೆ, ಹೊರಳುವ ಮಾತೇ ಇಲ್ಲ. ಆದರೆ ಈಗಿನ ಸೈಕಲ್ಲಿನಲ್ಲಿ ಗೇರ್ ಲಿವರ್, ಲೈಟು, ಮೊಬೈಲ್ ಸಿಕ್ಕಿಸುವ ಕ್ಲಿಪ್ಪು, ಇನ್ನು ಕೆಲವಕ್ಕೆ ಮುಂದೆ ಬುಟ್ಟಿ. ತಲೆಕೆಳಗು ಮಾಡಿದರೆ ಭಾರವೆಲ್ಲ ಅವುಗಳ ಮೇಲೆ. ಹಾಗಾಗಿ ಸ್ಟ್ಯಾಂಡೂ ಬಂತು, ಕೋಲೂ ಬಂತು.

ಮೊದಲು ‘ಹೋಲ್ಡರ್’ ಅಂತಲೇ ಬಿಟ್ಟುಬಿಡೋಣ ಅಂದುಕೊಂಡೆ. ಪಕ್ಕದ ಮನೆಯ ಹುಡುಗನಿಗೆ ಹೇಳಿದರೆ ಅವನು ಮೊಬೈಲ್ ಹೋಲ್ಡರ್ ಅಂದುಕೊಂಡ. ‘ಹ್ಯಾಂಡಲ್ ಲಾಕ್’ ಅಂದರೆ ಇನ್ನೂ ಕಷ್ಟ. ಸ್ಕೂಟರ್ ಓಡಿಸುವ ಮನೆಯಲ್ಲಿ ಅದರ ಅರ್ಥ ಒಂದೇ: ಹ್ಯಾಂಡಲ್ ಪೂರ್ತಿ ಒಂದು ಕಡೆ ತಿರುಗಿಸಿ, ಕೀ ಹಾಕಿ, ಕಳ್ಳರಿಂದ ಕಾಪಾಡುವುದು. ನಮಗೆ ಬೇಕಾದದ್ದು ನೇರ ನಿಲ್ಲುವುದು. ‘ಹ್ಯಾಂಡಲ್‌ಬಾರ್’ ಕೂಡ ನಮ್ಮ ಕಿವಿಗೆ ಸರಿಹೋಗುವುದಿಲ್ಲ. ಸೈಕಲ್ಲಿನಲ್ಲಿ ಬಾರ್ ಅಂದರೆ ಸೀಟಿಗೂ ಹ್ಯಾಂಡಲ್ಲಿಗೂ ನಡುವಿನ ಅಡ್ಡ ಪೈಪು, ಮಕ್ಕಳನ್ನು ಕೂರಿಸಿಕೊಂಡು ಹೋಗುವ ಜಾಗ, ಅಲ್ವಾ? ಗೆಳೆಯರೊಬ್ಬರು ‘ಸ್ಟೇ’ ಅನ್ನಿ ಅಂದರು, ಮಡ್‌ಗಾರ್ಡಿನ ಕಡ್ಡಿಗೆ ಹಾಗೆ ಅನ್ನುವುದುಂಟು. ಆದರೆ ಕನ್ನಡದಲ್ಲಿ ‘ಸ್ಟೇ ಸಿಕ್ತು’ ಅಂದರೆ ಕೋರ್ಟಿನ ಸುದ್ದಿಯೇ ಆಗಿರುತ್ತದೆ.

‘ಹ್ಯಾಂಡಲ್ ಕಟ್ಟು’ ಚೆನ್ನಾಗಿದೆ ಅನ್ನಿಸಿತ್ತು. ಒಂದು ಪುಟ ಹಾಗೇ ಬರೆದೂ ಬಿಟ್ಟಿದ್ದೆ. ಜೋರಾಗಿ ಓದಿದಾಗ ತೊಡಕು ಗೊತ್ತಾಯಿತು. ‘ಹ್ಯಾಂಡಲ್ ಕಟ್ ಮಾಡು’ ಅಂದರೆ ಗಬಕ್ಕನೆ ತಿರುಗಿಸು ಅಂತ. ‘ಹ್ಯಾಂಡಲ್ ಕಟ್ಟು’ ಅಂದರೆ ತಿರುಗದ ಹಾಗೆ ಬಿಗಿ ಅಂತ. ಬಾಯಿಮಾತಿನಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ, ಅರ್ಥ ಮಾತ್ರ ಪೂರ್ತಿ ಉಲ್ಟಾ!

ಇನ್ನೊಂದು ಗೋಜಲು ಕ್ರಿಯಾಪದದ್ದು. ಇದು ಕೋಲಿಗಿಂತ ಮುಖ್ಯ ಅನ್ನಿಸುತ್ತದೆ, ಯಾಕೆಂದರೆ ತಪ್ಪು ಮಾತು ತಪ್ಪು ರಿಪೇರಿಗೆ ದಾರಿ. ‘ಹ್ಯಾಂಡಲ್ ಅಲ್ಲಾಡುತ್ತದೆ’, ‘ಹ್ಯಾಂಡಲ್ ಆಡುತ್ತಿದೆ’ ಅಂದರೆ ಅಂಗಡಿಯವರು ತಕ್ಷಣ ಸ್ಪ್ಯಾನರ್ ಎತ್ತಿಕೊಳ್ಳುತ್ತಾರೆ. ಅದು ಕಪ್ಪು, ಅಂದರೆ ಹ್ಯಾಂಡಲ್ಲಿನ ಪೈಪು ತಿರುಗುವ ಕಡೆ ಬಾಲ್ಸು (ಉಕ್ಕಿನ ಗುಂಡುಗಳು) ಕೂರುವ ಬಟ್ಟಲು, ಸಡಿಲವಾಗಿರುವ ದೋಷ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಜಗ್ಗಿದರೆ ಕಟಕಟ ಅನ್ನುವುದು ಕೈಗೇ ಗೊತ್ತಾಗುತ್ತದೆ. ಸ್ಟ್ಯಾಂಡಿನ ಮೇಲೆ ಚಕ್ರ ಹೊರಳುವುದು ದೋಷವೇ ಅಲ್ಲ. ಹ್ಯಾಂಡಲ್ಲಿನ ಪೈಪು ಹಿಂದಕ್ಕೆ ವಾಲಿರುತ್ತದೆ, ಸಾಮಾನ್ಯ ಸೈಕಲ್ಲುಗಳಲ್ಲಿ ನೆಲಕ್ಕೆ ಸುಮಾರು 70 ಡಿಗ್ರಿ. ಫೋರ್ಕು (ಮುಂದಿನ ಚಕ್ರವನ್ನು ಹಿಡಿದಿರುವ ಕವಲು) ಮುಂದಕ್ಕೆ ಚಾಚಿರುತ್ತದೆ. ಹಾಗಾಗಿ ಚಕ್ರ ನೇರ ಇದ್ದಾಗ ಅದರ ಭಾರ ಕೊಂಚ ಎತ್ತರದಲ್ಲಿರುತ್ತದೆ, ಪಕ್ಕಕ್ಕೆ ಹೊರಳಿದರೆ ಸ್ವಲ್ಪ ಇಳಿಯುತ್ತದೆ. ಬಿಟ್ಟರೆ ಅದು ಇಳಿಯುವ ಕಡೆಗೇ ಹೋಗುತ್ತದೆ. ಸೈಕಲ್ಲಿನ ಮೂತಿಯನ್ನು ಚೆನ್ನಾಗಿ ಕೆಳಗೆ ಮಾಡಿ ಹಿಡಿದರೆ ಇದೇ ಚಕ್ರ ನೇರ ಜೋತು ನಿಲ್ಲುವುದನ್ನೂ ನೋಡಬಹುದು. ಕಪ್ಪು, ಬಾಲ್ಸು, ಗ್ರೀಸು ಚೆನ್ನಾಗಿದ್ದಷ್ಟೂ ಸಲೀಸಾಗಿ ಹೊರಳುತ್ತದೆ. ಹೊರಳದೆ ನಡುವೆಯೇ ಸಿಕ್ಕಿಕೊಂಡು ನಿಂತರೆ ಆಗ ಅನುಮಾನ ಪಡಬೇಕು: ಒಂದೋ ಕಪ್ಪು ಜಾಸ್ತಿ ಬಿಗಿಯಾಗಿದೆ, ಇಲ್ಲ ಬಾಲ್ಸು ಕೂತಲ್ಲಿ ಗುಂಡಿ ಬಿದ್ದಿದೆ.

ಪುಸ್ತಕದಲ್ಲಿ ‘ಹ್ಯಾಂಡಲ್ ಅಲ್ಲಾಡದಂತೆ ಮಾಡಿ’ ಅಂತ ಬರೆದರೆ ಯಾವುದಾದರೂ ಮಗು ಕಪ್ಪನ್ನೇ ಬಿಗಿದುಬಿಡುತ್ತದೆ. ಆಮೇಲೆ ರಸ್ತೆಯಲ್ಲಿ ಹ್ಯಾಂಡಲ್ ತಿರುಗುವುದೇ ಕಷ್ಟ. ಅದಕ್ಕೇ ನಾನು ‘ಹೊರಳು’ ಆರಿಸಿಕೊಂಡಿದ್ದೇನೆ. ‘ವಾಲು’ ಅಂದರೆ ಸೈಕಲ್ಲೇ ಬೀಳುವ ಹಾಗಿದೆ. ಬರೀ ‘ತಿರುಗು’ ಅಂದರೆ ಚಕ್ರ ಗಿರಗಿರ ತಿರುಗುವುದೋ, ಹ್ಯಾಂಡಲ್ ತಿರುಗುವುದೋ ತಿಳಿಯುವುದಿಲ್ಲ. ಧಾರವಾಡದ ಕಡೆಯವರು ‘ಹೊಳ್ಳಿ ನೋಡು’ ಅನ್ನುತ್ತಾರಲ್ಲ, ಅಲ್ಲಿ ಚಕ್ರಕ್ಕೂ ಆ ಮಾತು ಹೊಂದುತ್ತದೆಯೇ?

ಕೋಲಿಗೆ ‘ಊರುಗೋಲು’ ಬೇಡ. ಅದು ಭಾರ ಹೊರುತ್ತದೆ, ಇದು ಭಾರ ಹೊರುವುದಿಲ್ಲ. ‘ಮೂಗುದಾರ’ ಅಂತ ಒಬ್ಬರು ತಮಾಷೆಗೆ ಹೇಳಿದರು, ಕೇಳಲು ಸೊಗಸು. ಆದರೆ ಮೂಗುದಾರ ಹಾಕುವುದು ಎತ್ತನ್ನು ಬೇಕಾದ ಕಡೆ ತಿರುಗಿಸುವುದಕ್ಕೆ. ಸದ್ಯಕ್ಕೆ ನನ್ನ ಮುಂದೆ ‘ತಡೆಗೋಲು’, ‘ಬಿಗಿಗೋಲು’ ಎರಡಿವೆ. ಮೊದಲನೆಯದು ಮೇಲು ಅನ್ನಿಸುತ್ತದೆ. ಎರಡನೆಯದು ಮತ್ತೆ ಆ ಕಪ್ಪು ಬಿಗಿಯುವ ಯೋಚನೆಗೇ ಎಳೆಯುತ್ತದೆ. ಬರೀ ‘ಹ್ಯಾಂಡಲ್ ಕೋಲು’ ಸಾಕು ಅನ್ನುವವರಿದ್ದರೆ ಅದಕ್ಕೂ ತಕರಾರಿಲ್ಲ.

ಕೋಲು ಇಲ್ಲದವರು ಹಳೇ ಟ್ಯೂಬ್ ಕತ್ತರಿಸಿ ಪಟ್ಟಿ ಮಾಡಿ, ಮುಂದಿನ ರಿಮ್ಮನ್ನು ಫ್ರೇಮಿನ ಕೆಳಗಿನ ಪೈಪಿಗೆ ಕಟ್ಟುತ್ತಾರೆ. ಚೆನ್ನಾಗಿಯೇ ನಿಲ್ಲುತ್ತದೆ, ಖರ್ಚೂ ಇಲ್ಲ. ಆದರೆ ಆಗ ಮುಂದಿನ ಚಕ್ರ ಬಿಚ್ಚುವ ಹಾಗಿಲ್ಲ, ತಿರುಗಿಸಿ ಬ್ರೇಕ್ ನೋಡುವ ಹಾಗೂ ಇಲ್ಲ. ಆದ್ದರಿಂದ ಪಟ್ಟಿಗೆ ಒಂದು ಹೆಸರು, ಕೋಲಿಗೆ ಒಂದು ಹೆಸರು, ಎರಡೂ ಬೇಕು. ಪಟ್ಟಿಗೆ ‘ಟ್ಯೂಬ್ ಪಟ್ಟಿ’ ಎಂದೇ ಬರೆದಿದ್ದೇನೆ.

ನನ್ನ ಪ್ರಶ್ನೆ ಇಷ್ಟು. ನಿಮ್ಮೂರಿನ ಸೈಕಲ್ ಅಂಗಡಿಯಲ್ಲಿ, ಇಲ್ಲವೇ ಗೇರ್ ಸೈಕಲ್ ಸರ್ವಿಸ್ ಮಾಡುವಲ್ಲಿ, ಈ ಕೋಲಿಗೆ ಏನಾದರೂ ಅನ್ನುವುದನ್ನು ಕೇಳಿದ್ದೀರಾ? ಮೆಕ್ಯಾನಿಕ್ ಹುಡುಗನಿಗೆ ‘ಅದನ್ನು ಕೊಡೋ’ ಅನ್ನುವಾಗ ಯಾವ ಹೆಸರು ಹಿಡಿದು ಕೇಳುತ್ತಾರೆ? ನಿಘಂಟಿನ ಪದಕ್ಕಿಂತ ಅಂತಹ ಒಂದು ಮಾತು ಸಿಕ್ಕಿದರೆ ಜಾಸ್ತಿ ಸಂತೋಷ. ಯಾವ ಊರಿನಲ್ಲಿ ಕೇಳಿದ್ದು ಅಂತಲೂ ಬರೆಯಿರಿ.